ಹಗೇವು ತೆಗೆದ ದಿನ ಕೇಳಿದ ಕೂಗು

ಗಾಳಿ ಸೋಕುವುದು, ಸತ್ತವರು ಕೂಗುವುದು, ಇಂಥವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ಅಂಥ ಕಥೆ ತೆಗೆದರೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ, ನೀವೇ ನೋಡಿ.

ನನ್ನ ತವರು ನಂಜನಗೂಡು. ಕೊಟ್ಟದ್ದು ನರಸೀಪುರದ ಹತ್ತಿರದ ಒಂದು ಹಳ್ಳಿಗೆ. ತವರಿನಲ್ಲಿ ನನ್ನ ಹೆಸರು ಗಿರಿಜೆ. ಅತ್ತೆಯ ಹೆಸರೂ ಗಿರಿಜಮ್ಮ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಕೂಗುವುದುಂಟೇ? ಧಾರೆಯ ದಿನವೇ ನನ್ನನ್ನು ಸೀತಮ್ಮ ಮಾಡಿದರು. ಅತ್ತೆಯನ್ನು ಹೆಸರಿನಿಂದ ಕರೆಯುವಷ್ಟು ಹಿರಿಯರೂ ಯಾರೂ ಉಳಿದಿರಲಿಲ್ಲ. ಹಾಗಾಗಿ ಆ ಹೆಸರು ನಮ್ಮ ಮನೆಯಲ್ಲಿ ಕೇಳುತ್ತಲೇ ಇರಲಿಲ್ಲ.

ಆಗ ನನಗೊಂದು ಕೊರಗು. ಒಲೆ, ಒರಳು, ಒಣಹಾಕಿದ ಬಟ್ಟೆ, ಇಷ್ಟಕ್ಕೇ ನಾನು ಹುಟ್ಟಿದ್ದೇ? ನಾನಿಲ್ಲದಿದ್ದರೆ ಈ ಮನೆಯಲ್ಲಿ ಸಾರಿನ ಒಗ್ಗರಣೆ ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ ತಾನೆ ಎಂದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಹಿತ್ತಿಲ ಹಗೇವು ತೆಗೆಸಿದರು. ನೆಲದೊಳಗೆ ರಾಗಿ ತುಂಬಿಡುವ ಗುಂಡಿ ಅದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಚಪ್ಪಡಿ ಸರಿಸಿ ಅರ್ಧ ದಿನ ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಆಳು ಇಳಿಯಬೇಕು. ಆ ದಿನ ತುಂತುರು ಹನಿಯಿತೆಂದು ನಮ್ಮ ಆಳು ನಿಂಗ ಚಪ್ಪಡಿ ಮತ್ತೆ ಮುಚ್ಚಿದ್ದನಂತೆ. ಮಳೆ ನಿಂತ ಮೇಲೆ ತೆಗೆದನಂತೆ. ಹೊಲದಿಂದ ಬಂದ ಅವನಣ್ಣ ಮಾದಯ್ಯ, ಬೆಳಿಗ್ಗೆಯಿಂದ ತೆರೆದೇ ಇದೆಯೆಂದು ಎಣಿಸಿ, ದೀಪದ ಗೋಜಿಗೂ ಹೋಗದೆ ಸೊಂಟಕ್ಕೆ ಹಗ್ಗ ಬಿಗಿದು ಇಳಿದುಬಿಟ್ಟ. ಅಷ್ಟರಲ್ಲಿ ಕೊಟ್ಟಿಗೆಯ ಎತ್ತು ಕಣ್ಣಿ ಕಿತ್ತುಕೊಂಡು ಓಡಿತು. ನಿಂಗ ಹಗ್ಗದ ತುದಿಯನ್ನು ನುಗ್ಗೆಮರಕ್ಕೆ ಸುತ್ತಿ ಅದರ ಹಿಂದೆ ಓಡಿದ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ನಾನು ಅಡಿಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದೆ. ಕಿವಿಯ ಹತ್ತಿರವೇ ಒಂದು ಹೆಂಗಸಿನ ದನಿ, ಗದರಿಸುವ ಹಾಗೆ: "ಗಿರಿಜಾ! ಹಿತ್ತಿಲಿಗೆ ಹೋಗೇ!"

ಬೇಳೆ ಚೆಲ್ಲಿ, ಮೊರ ಕೈಯಲ್ಲೇ ಹಿಡಿದು ಓಡಿದೆ. ನುಗ್ಗೆಮರಕ್ಕೆ ಸುತ್ತಿದ ಹಗ್ಗ ಹಗೇವಿನೊಳಗೆ ಇಳಿದಿತ್ತು, ಸುತ್ತ ಯಾರೂ ಇಲ್ಲ. ಹಗೇವಿನ ಬಾಯಿಗೆ ಬಗ್ಗಿ ಕೂಗಿದರೆ ಉತ್ತರವಿಲ್ಲ. ಹಗ್ಗ ಎಳೆದೆ, ಕದಲಲಿಲ್ಲ. ತಿರುಗಿ ನೋಡಿದರೆ ದೇವರ ಮನೆಯಿಂದ ಅತ್ತೆ ಓಡಿ ಬರುತ್ತಿದ್ದಾರೆ, ಮಡಿಸೀರೆಯಲ್ಲೇ. ಮಡಿ ಕೆಡುತ್ತದೆಂದು ನನ್ನಿಂದಲೇ ದೂರ ನಿಲ್ಲುವವರು, ಹಗ್ಗಕ್ಕೆ ಕೈ ಹಾಕಿ, "ಗಟ್ಟಿಯಾಗಿ ಎಳಿಯೇ! ಕಾನ್ವೆಂಟಿನಲ್ಲಿ ಊಟ ಹಾಕ್ತಿರ್ಲಿಲ್ವೇನೇ?" ಎಂದರು.

ಅಂಗೈ ಸುಲಿಯಿತು. ಬಳೆ ಒಡೆದವು. ಕೊನೆಗೆ ಮಾದಯ್ಯನ ತಲೆ ಕಂಡಿತು. ಕಂಕುಳಿಗೆ ಕೈ ಕೊಟ್ಟು ಅವನನ್ನು ಹೊರಗೆಳೆದು ಮಲಗಿಸಿದೆವು. ನಾನು ಮೊರದಿಂದ ಗಾಳಿ ಹಾಕಿದೆ, ಅತ್ತೆ ಪೂಜೆಯ ತಂಬಿಗೆಯ ನೀರನ್ನೇ ಮುಖಕ್ಕೆ ಎರಚಿದರು. ಬಹಳ ಹೊತ್ತಿನ ಮೇಲೆ ಉಸಿರೆಳೆದು ಕಣ್ಣುಬಿಟ್ಟ.

"ಯಾಕ್ರವ್ವಾ ಇಬ್ರೂ ಇಂಗ್ ನೋಡ್ತಿದ್ದೀರಿ? ರಾಗಿ ಮ್ಯಾಕ್ ಬಂತಾ?"

"ರಾಗಿ ಬರಲಿಲ್ಲಪ್ಪಾ, ನೀನು ಬಂದೆ" ಎಂದರು ಅತ್ತೆ.

ಸಂಜೆ, ಅಂಗೈಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಾ, ಪೂಜೆ ಬಿಟ್ಟು ಹೇಗೆ ಬಂದಿರೆಂದು ಕೇಳಿದೆ.

"ಯಾರೋ ಹೆಸರು ಹಿಡಿದು ಗದರಿದರಲ್ಲೇ. ನಮ್ಮಮ್ಮ ಹೋದ ಮೇಲೆ ನನ್ನನ್ನ ಹಾಗೆ ಕೂಗಿದವರೇ ಇಲ್ಲ."

ನಾನು ಎಣ್ಣೆಯ ಬಟ್ಟಲು ಕೆಳಗಿಟ್ಟೆ. "ಅತ್ತೆ, ಅದು ನನ್ನನ್ನು ಕೂಗಿದ್ದು."

"ಹೋಗೇ ಸಾಕು, ನಿನ್ನನ್ನ್ಯಾಕೆ ಕೂಗ್ತಾರೆ?"

ಅಕ್ಕಪಕ್ಕ ವಿಚಾರಿಸಿದೆವು. ಯಾರೂ ಕೂಗಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅದು ಯಾರ ದನಿಯೆಂದು ಇಂದಿಗೂ ನನಗೆ ತಿಳಿಯದು. ಬದುಕಿನ ಅರ್ಥವನ್ನು ಬಲ್ಲವರು ದೊಡ್ಡ ಮಾತಿನಲ್ಲಿ ಹೇಳುತ್ತಾರೆ. ನನಗೆ ಗೊತ್ತಿರುವುದು ಇಷ್ಟು: ಆ ಮಧ್ಯಾಹ್ನ ಒಬ್ಬ ಮನುಷ್ಯನನ್ನು ನೆಲದೊಳಗಿಂದ ಎತ್ತಲು ಎರಡು ಜೊತೆ ಕೈ ಬೇಕಿತ್ತು, ಒಂದು ಜೊತೆ ನನ್ನದು. ಇದನ್ನು ಹೇಳುವಾಗ ನನಗೆ ಸಂಕೋಚವಿಲ್ಲ, ಹೆಮ್ಮೆಯಿದೆ.

ಕರೆದದ್ದು ತಮ್ಮನ್ನೇ ಎಂದು ಅತ್ತೆ ಕೊನೆಗಾಲದವರೆಗೂ ವಾದಿಸಿದರು. ಮಿಕ್ಕ ಎಲ್ಲ ಮಾತಿನಲ್ಲೂ ಅವರಿಗೆ ಸೋತಿದ್ದೇನೆ. ಇದೊಂದನ್ನು ಮಾತ್ರ ಬಿಟ್ಟುಕೊಡಲಿಲ್ಲ.