ಕಾರು ಕೊಟ್ಟು ಸ್ಟೇರಿಂಗ್ ಇಟ್ಟುಕೊಂಡವರು

ಹಳೆಯ ವಿಲಾಯತಿ ಕಾರು ಕೊಂಡು ರಿಪೇರಿ ಮಾಡುವುದು ನಿವೃತ್ತಿಯ ನಂತರ ನನಗೆ ಹತ್ತಿದ ಹುಚ್ಚು. ಕೆಲವು ವರ್ಷಗಳ ಹಿಂದೆ ಚಚಡಿ ಊರಿನ ಕಡೆಯ ಒಂದು ಮನೆಯ ದನದ ಕೊಟ್ಟಿಗೆಯಲ್ಲಿ ಅಂಥದೊಂದು ಸಿಕ್ಕಿತು. ವ್ಯವಹಾರ ಮುಗಿದು ಲಾರಿಗೆ ಏರಿಸುವಾಗ ನೋಡಿದರೆ ಸ್ಟೇರಿಂಗೇ ಇಲ್ಲ. ಮನೆಯ ಹಿರಿಯಮ್ಮ ಅದನ್ನು ಬಿಚ್ಚಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

“ಅಮ್ಮಾರ, ಅದಿಲ್ಲದ ಕಾರು ಹೆಂಗ ತಿರುಗತೈತ್ರಿ? ಅಂಥಾದ್ದು ಈ ದೇಶದಾಗ ಮತ್ತ ಸಿಗೂದಿಲ್ರಿ.”

“ಎತ್ತು ಮಾರಿದ್ರ ಹಗ್ಗ ಕೊಡ್ತೀವೇನು ತಮ್ಮಾ? ಹಗ್ಗ ಮನ್ಯಾಗ ಉಳೀಬೇಕು. ನಮ್ಮ ಯಜಮಾನ್ರು ಕಡೀತನಕ ಕೈಯಾಗ ಹಿಡಿದದ್ದು ಇದನ್ನ.”

ಅವರು ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದರು.

ಈಗ ನನ್ನ ಕಾರಿಗೆ ಟ್ರ್ಯಾಕ್ಟರಿನ ಸ್ಟೇರಿಂಗ್. ಓಡಿಸುವಾಗ ನನಗೇನೋ ಬಲು ಖುಷಿ, ಕಂಡವರು ನಗುತ್ತಾರೆ. ನನ್ನ ಹೆಂಡತಿ ಮಾತ್ರ ನಗುವುದಿಲ್ಲ. “ಮುಂದ ಇದನ್ನ ಮಾರೂವಾಗ ನಾ ಯಾವುದನ್ನ ಇಟ್ಕೋಬೇಕ್ರಿ?” ಎಂದು ಕೇಳುತ್ತಾಳೆ.