ಸುಣ್ಣದ ಗೆರೆಯ ಕೆಳಗಿನ ಕಟ್ಟಿಗೆ

ಗುಡೇಕೋಟೆಯ ಗಾದೆಮ್ಮನಿಗೆ ಕಟ್ಟಿಗೆ ಮಾರುವುದೆಂದರೆ ಹುಡುಗಾಟವಲ್ಲ. ಗುಡ್ಡದಿಂದ ಹೊರೆ ಹೊತ್ತು ತಂದ ಗಾಳೆಪ್ಪ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಈಕೆ ಹೊರೆ ಬಿಚ್ಚಿ, ಒಂದೊಂದೇ ತುಂಡನ್ನು ಬಿಸಿಲಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಸಿ ನೋಡುತ್ತಿದ್ದಳು. ಸಿಪ್ಪೆ ಕಪ್ಪಗಿದ್ದು ಉದ್ದುದ್ದ ಬಿರುಕು ಬಿಟ್ಟಿದ್ದರೆ ಕರಿಜಾಲಿ. ತಿರುಳು ಕೆಂಪಗಿದ್ದು ಕೈ ಜಗ್ಗುವಷ್ಟು ಭಾರವಿದ್ದರೆ ಕಮರ. ಎಳೆ ತಿರುಚಿಕೊಂಡು ಮೂಗಿಗೆ ಕಹಿ ಬಡಿದರೆ ಬೇವು, ಅದನ್ನು ನೀರೊಲೆಗೆ ಎತ್ತಿಡಬೇಕು. ಸಿಪ್ಪೆಯೇ ಇಲ್ಲದ ತುಂಡು ಸಿಕ್ಕರಂತೂ ಗಾಳೆಪ್ಪನ ಕಥೆ ಮುಗಿಯಿತು.

"ಇದರ ಸಿಪ್ಪಿ ಯಾಕ ಸುಲಿದೀಯೋ? ಏನು ಮುಚ್ಚಿಡಾಕ ಹೊಂಟೀ?"

"ಯಕ್ಕಾ, ಆಡು ತಿಂದಾವು. ನಾನ್ಯಾಕ ಸುಲೀಲಿ?"

"ಹೂಂ, ಆಡಿನ ಮ್ಯಾಲ ಹಾಕು. ಅದಕ್ಕ ಮಾತು ಬರಾದಿಲ್ಲ ನೋಡು!"

ಕೊಂಡದ್ದನ್ನು ಹಿತ್ತಲಲ್ಲಿ ಗೋಡೆಯ ಹಾಗೆ ಒಟ್ಟಿ, ತುಂಡುಗಳ ತುದಿಯ ಮೇಲೆ ಅಡ್ಡಡ್ಡ ಸುಣ್ಣದ ಗೆರೆ ಎಳೆಯುತ್ತಿದ್ದಳು. ಒಂದು ತುಂಡು ಮಾಯವಾದರೂ ಗೆರೆ ಮುರಿದು ಗೊತ್ತಾಗಬೇಕು. ಗೆರೆಗಳು ಮೇಲಿನಿಂದ ಮೊಣಕಾಲೆತ್ತರದವರೆಗೆ ಬಂದು ನಿಲ್ಲುತ್ತಿದ್ದವು. ಅದರ ಕೆಳಗಿನದು ಒಟ್ಟಿಲಿನ ಅಡಿಗೆ ಹಾಸಿದ ಮರ, ಒಲೆಗಲ್ಲ. ದಿನದ ಕಟ್ಟಿಗೆಯನ್ನು ಬೆಳಿಗ್ಗೆ ತಾನೇ ತೆಗೆದು ಸೊಸೆ ಹುಲುಗಮ್ಮನ ಮುಂದೆ ಎಸೆಯುವಳು. ಯಾವುದು ಯಾವ ಮರ ಅಂತ ಮಾತ್ರ ಸೊಸೆಗೆ ಹೇಳಿಕೊಡಲೇ ಇಲ್ಲ. ಹೇಳಿಕೊಟ್ಟರೆ ಒಲೆ ಕೈ ತಪ್ಪುತ್ತದಲ್ಲ!

ಶಾಲೆಯ ಮೇಷ್ಟ್ರ ಮನೆಗೆ ಊರಲ್ಲೇ ಮೊದಲು ಗ್ಯಾಸ್ ಬಂದ ವರ್ಷ, ಚಳಿಗಾಲದಲ್ಲಿ, ಗಾದೆಮ್ಮನ ಮಗಳು ಸುಜಾತಾ ಹೆರಿಗೆಗೆ ತವರಿಗೆ ಬಂದಳು. ಗಂಡು ಕೂಸು. ಬಾಣಂತಿ ಕೋಣೆಯಲ್ಲಿ ಬೆಂಕಿ ಆರಬಾರದೆಂದು ಹುಲುಗಮ್ಮನನ್ನು ಕಾವಲಿಗೆ ಕೂರಿಸಿದ್ದಾಯಿತು. ಆದರೆ ಕೂಸನ್ನು ಅವಳ ಕೈಗೆ ಕೊಡಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮಡಿಲು ತುಂಬದವಳು, ಕಣ್ಣು ಹೇಗಿರುತ್ತದೋ ಏನೋ ಎಂದು ಗಾದೆಮ್ಮನ ಲೆಕ್ಕ. ಕೆಟ್ಟ ಲೆಕ್ಕವೇ. ಆದರೆ ಬಾಯಿಬಿಟ್ಟು ಹೇಳುವವರು ಯಾರು?

ಗಾದೆಮ್ಮ ಕೂಡ್ಲಿಗಿ ಸಂತೆಗೆ ಹೋಗಿಬಂದ ಮರುದಿನ ಕೂಸಿನ ಎರಡೂ ಕಣ್ಣು ಊದಿಕೊಂಡು ಮುಚ್ಚಿದವು. ಅತ್ತು ಅತ್ತು ದನಿ ಬಿದ್ದುಹೋಯಿತು. ನರ್ಸಮ್ಮ ಬಂದು ರೆಪ್ಪೆ ಬಿಡಿಸಿ ಹನಿ ಹಾಕಿದಳು.

"ಹೊಗಿ ತಾಗೈತಿ. ಕ್ವಾಣ್ಯಾಗ ಏನು ಉರಿಸೀರಿ? ನಾಳಿ ಸಂಜೀಗೆ ಕಣ್ಣು ಬಿಡಲಿಲ್ಲಂದ್ರ ಬಳ್ಳಾರಿಗೆ ಕರಕೊಂಡು ಹೋಗ್ರಿ."

ನನ್ನ ಕಟ್ಟಿಗೆಯ ಹೊಗೆಯೇ? ಗಾದೆಮ್ಮನ ಮೈ ಉರಿಯಿತು. ನರ್ಸಮ್ಮ ಹೊಸಿಲು ದಾಟುವ ಮೊದಲೇ ಬೆಂಕಿಗುಂಡಿ ಕೆದಕಿದಳು. ಬೂದಿಯಲ್ಲಿ ಅರೆಬೆಂದ ತುಂಡೊಂದು ಸಿಕ್ಕಿತು. ಸಿಪ್ಪೆ ಇಲ್ಲ. ಹಗುರ, ಒಳಗೆಲ್ಲ ಬೆಂಡು. ಕಳ್ಳಿ! ಹಾಲು ಬಿದ್ದರೆ ಕಣ್ಣು ಹೋಗುವ ಗಿಡ. ಅದರ ಹೊಗೆಯಲ್ಲಿ ಎಳೆಗೂಸು ಮಲಗಿತ್ತು.

ಮೊದಲು ಗಾಳೆಪ್ಪನ ಮೇಲೆ ಅನುಮಾನ ಬಂತು. ಆದರೆ ಅವನ ಹೊರೆಯಲ್ಲಿ ತನ್ನ ಕಣ್ಣು ತಪ್ಪಿಸಿ ಕಳ್ಳಿ ಬರಲು ಸಾಧ್ಯವೇ? ಹಿತ್ತಲಿಗೆ ಓಡಿದಳು. ಸುಣ್ಣದ ಗೆರೆ ಎಲ್ಲೂ ಮುರಿದಿಲ್ಲ. ಹಾಗಾದರೆ ಹೊರಗಿನಿಂದ ಯಾರೋ ತಂದು ಹಾಕಿದ್ದು. ಕೋಣೆಗೆ ಹೋಗಿಬರುತ್ತಿದ್ದವಳು ಒಬ್ಬಳೇ. ಅಯ್ಯೋ, ಇದಕ್ಕೇ ಕೂತಿದ್ದಳಾ ಬೆಂಕಿಯ ಮುಂದೆ, ಇಷ್ಟು ಹೊಟ್ಟೆಯುರಿಯಾ ಎಂದುಕೊಂಡಳು.

"ಬಾರೇ ಇಲ್ಲಿ! ಇದನ್ನ ಎಲ್ಲಿಂದ ತಂದಿ?"

ಹುಲುಗಮ್ಮ ತುಂಡನ್ನು ನೋಡಿದಳು. "ಒಟ್ಟಿಲಿಂದ ರೀ, ಅತ್ತಿ."

"ಸುಳ್ಳು ಹೇಳಿದ್ರ ನಾಲಿಗಿ ಕೀಳ್ತೀನಿ. ಗೆರಿ ಇದ್ದಂಗ ಐತಿ!"

"ಗೆರಿ ಮುರಿದ್ರ ಕೈ ಮುರೀತೀನಿ ಅಂದಿದ್ರಿ. ಅದಕ್ಕ ಗೆರಿ ಕೆಳಗಿಂದ ಎಳಕೊಂಡೆ. ನೀವು ಸಂತಿಯಿಂದ ಇನ್ನೂ ಬಂದಿದ್ದಿಲ್ಲ, ಕೊಟ್ಟ ಕಟ್ಟಿಗಿ ತೀರಿತ್ತು. ಕೂಸು ಥಂಡೀಗೆ ನಡುಗಾಕ ಹತ್ತಿತ್ತು."

"ಕಳ್ಳಿ ಅಂತ ಗೊತ್ತಾಗಲಿಲ್ಲೇನು?"

"ನಮ್ಮ ತವರೂರು ಇಟ್ಟಿಗ್ಯಾಗ ಹತ್ತಿಕಟ್ಟಿಗಿ, ಜ್ವಾಳದ ಕೂಳಿ, ಇಷ್ಟಾ ಉರಿಸಾದು. ಗುಡ್ಡದ ಮರ ನಾ ಎಲ್ಲಿ ನೋಡೀನಿ? ನೀವು ಒಂದಿನಾನೂ ತೋರಿಸ್ಲಿಲ್ಲ."

ಗಾದೆಮ್ಮ ಮತ್ತೆ ಹಿತ್ತಲಿಗೆ ಹೋಗಿ ಬಗ್ಗಿ ನೋಡಿದಳು. ಒಟ್ಟಿಲಿನ ಮೂಲೆಯಲ್ಲಿ, ಗೆರೆಯ ಕೆಳಗೆ, ಒಂದು ಬೊಡ್ಡೆಯ ಜಾಗ ಖಾಲಿಯಾಗಿತ್ತು. ಗೆದ್ದಲು ಮುಟ್ಟುವುದಿಲ್ಲವೆಂದು ಎಂದೋ ಒಣಕಳ್ಳಿಯನ್ನು ತಂದು, ಸಿಪ್ಪೆ ಸುಲಿದು, ಅಡಿಗೆ ಹಾಸಿ ಮರೆತವಳು ತಾನೇ. ಅಲ್ಲೇ ಕುಕ್ಕರಿಸಿದಳು. ಬಯ್ಯಲು ಯಾರ ಹೆಸರೂ ಬಾಯಿಗೆ ಬರಲಿಲ್ಲ.

ಮರುದಿನ ಸಂಜೆಯವರೆಗೆ ಆ ಮನೆಯಲ್ಲಿ ಯಾರೂ ಒಂದು ತುತ್ತು ಮುಟ್ಟಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸುಜಾತಾ ಕೂಗಿದಳು. "ಯವ್ವಾ, ಬಾ ಇಲ್ಲಿ! ಕಣ್ಣು ಬಿಟ್ಟ!" ಕೆಂಪಗಿದ್ದರೂ ಕೂಸಿನ ಕಣ್ಣು ದೀಪದ ಕಡೆಗೆ ಹೊರಳಿದ್ದವು. ಗಾದೆಮ್ಮ ಗೊಳೋ ಎಂದು ಅತ್ತುಬಿಟ್ಟಳು.

ಆಮೇಲೆ ಮೂಗು ಒರೆಸಿಕೊಂಡು ಹೋಗಿ ಮೂರು ತುಂಡು ತಂದು ಸೊಸೆಯ ಮುಂದಿಟ್ಟಳು. ಬಿರುಕು ಮುಟ್ಟಿಸಿದಳು, ತಿರುಳು ತೋರಿಸಿದಳು, ಮೂಸಿಸಿದಳು. ಹುಲುಗಮ್ಮ ಬೇವನ್ನು ಕಮರ ಅಂದಾಗ "ಮೂಗು ಸಂತ್ಯಾಗ ಬಿಟ್ಟು ಬಂದೀಯೇನು?" ಎಂದು ಗದರಿದಳು. ಸೊಸೆ ಸೆರಗು ಅಡ್ಡ ಹಿಡಿದು ನಕ್ಕಳು. ಗಾದೆಮ್ಮನಿಗೆ ಆ ನಗುವಿನ ಮೇಲೂ ಒಂದು ಗಳಿಗೆ ಅನುಮಾನ ಬಂತು.

ಕೋಣೆಯಲ್ಲಿ ಬೆಂಕಿ ಇಳಿಯುತ್ತಿತ್ತು. ಗಾದೆಮ್ಮ ಕೂಸನ್ನು ಎತ್ತಿದಳು, ಎದೆಗೊತ್ತಿಕೊಂಡು ನಿಂತಳು, ನಿಂತೇ ಇದ್ದಳು. ಕೊನೆಗೆ ಬಗ್ಗಿ ಅದನ್ನು ಹುಲುಗಮ್ಮನ ಮಡಿಲಲ್ಲಿ ಮಲಗಿಸಿದಳು.

"ಹಿಡಕೋ. ಕಟ್ಟಿಗಿ ನಾ ತರ್ತೀನಿ. ಯಾವುದು ತರ್ಲಿ, ಹೇಳು."

ಹುಲುಗಮ್ಮ ಕೂಸಿನ ಮುಖದಿಂದ ಕಣ್ಣೆತ್ತಲಿಲ್ಲ. "ಕರಿಜಾಲಿ ತರ್ರಿ, ಅತ್ತಿ."

ಗಾದೆಮ್ಮ ಹಿತ್ತಲಿಗೆ ಹೋಗಿ ಗೆರೆಯ ನಡುವಿನಿಂದಲೇ ಒಂದು ತುಂಡನ್ನು ಎಳೆದು ತಂದಳು.