ಮಸಿಕುಡಿಕೆ ಮನೆತನದವರು ಮನೆ ಬದಲಿಸಿದ್ದು

ನಿವೃತ್ತರಾದ ಮೇಷ್ಟ್ರು ನಗರಸಭೆಯ ದಾಖಲೆ ಕೋಣೆಗೆ ಮೊದಲ ಸಲ ಕಾಲಿಟ್ಟ ದಿನ, ಗೋಂದಣ್ಣ ಏಣಿಯ ಮೇಲೆ ಕುಳಿತು ಗೆದ್ದಲು ತಿಂದ ಹಾಳೆಯೊಂದಕ್ಕೆ ತೇಪೆ ಹಾಕುತ್ತಿದ್ದ. ಎರಡೂ ಕೈಗೆ ಗೋಂದು ಮೆತ್ತಿದ್ದರಿಂದ ಮೊಣಕೈಗಳನ್ನೇ ಜೋಡಿಸಿ ನಮಸ್ಕಾರ ಮಾಡಿದ. ಮೂವತ್ತು ವರ್ಷ ಗೋಂದಿನ ಡಬ್ಬಿ ಹಿಡಿದವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಊರು ಆಗ ಎಲ್ಲ ದಿಕ್ಕಿಗೂ ಬೆಳೆಯುತ್ತಿತ್ತು. ಇಷ್ಟು ದೊಡ್ಡದಾದ ಮೇಲೆ ಒಂದು ಚರಿತ್ರೆ ಬೇಡವೇ ಎಂದು ನಗರಸಭೆಗೆ ಅನ್ನಿಸಿ, ಅದನ್ನು ಬರೆಯುವ ಕೆಲಸ ಮೇಷ್ಟ್ರ ಪಾಲಿಗೆ ಬಂದಿತ್ತು. ಊರಿನ ಅತ್ಯಂತ ಹಳೆಯ ಮನೆತನ ಯಾವುದೆಂದು ಅವರಿಗೆ ತಿಳಿಯಬೇಕಿತ್ತು. ಗೋಂದಣ್ಣ ಮನೆತನಗಳ ಹುಟ್ಟು, ಮದುವೆ, ಸಾವು ಬರೆದಿಡುವ ವಹಿಗಳ ಕಪಾಟು ತೋರಿಸಿ ಮತ್ತೆ ಏಣಿ ಹತ್ತಿದ. ಅವತ್ತು ಕೆಳಗೆ ಕುಳಿತು ಅವರ ಜೊತೆ ಪುಟ ತಿರುಗಿಸಿದ್ದರೆ ಮುಂದಿನ ಗೋಳೇ ಇರುತ್ತಿರಲಿಲ್ಲ.

ಮೊದಲ ವಹಿಯ ಮೊದಲ ಪುಟದಲ್ಲೇ ಮೇಷ್ಟ್ರಿಗೆ ಮಸಿಕುಡಿಕೆ ಮನೆತನ ಸಿಕ್ಕಿತು. ಆರು ತಿಂಗಳಿಗೆ ಪುಸ್ತಕ ಅಚ್ಚಾಗಿ ಬಂತು. ಊರು ಕಟ್ಟಿದವರು ಮಸಿಕುಡಿಕೆಯವರೇ ಎಂದೂ, ಅವರು ಶಾಯಿ ತಯಾರಿಸುತ್ತಿದ್ದಿರಬೇಕೆಂದೂ ಅದರಲ್ಲಿ ಹದಿನಾಲ್ಕು ಪುಟ. ಮೂಲಪುರುಷನಿಗೆ ನೂರಹನ್ನೆರಡನೆಯ ವಯಸ್ಸಿನಲ್ಲಿ ಮಗುವಾದದ್ದನ್ನು ಕಂಡು, ಹಿಂದಿನವರ ಮೈಕಟ್ಟೇ ಬೇರೆ ಎಂದು ಮೇಷ್ಟ್ರು ಬರೆದಿದ್ದರು.

ಗೋಂದಣ್ಣ ಓದಿ ಹೌಹಾರಿದ.

ಮಸಿಕುಡಿಕೆಯವರೆಂಬವರು ಈ ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅದೇ ಕೋಣೆಯಲ್ಲಿ ಅದೇ ಕೆಲಸ ಮಾಡಿಕೊಂಡಿದ್ದ ಅವನ ಅಪ್ಪ, ಹೊಸ ಗುಮಾಸ್ತರಿಗೆ ವಹಿ ತುಂಬುವುದನ್ನು ಕಲಿಸಲು ಒಂದು ಮಾದರಿ ವಹಿ ಇಟ್ಟಿದ್ದರು. ಮನೆತನದ ಹೆಸರು ಬೇಕಾದಾಗ ಮೇಜಿನ ಮೇಲಿದ್ದ ಮಸಿಕುಡಿಕೆ ಕಣ್ಣಿಗೆ ಬಿತ್ತು. ವಿಳಾಸ ಬೇಕಾದಾಗ ಕಿಟಕಿಯಾಚೆ ಎದುರುಮನೆ ಕಂಡಿತು. ಯಾರೂ ಇದನ್ನು ನಿಜವೆಂದುಕೊಳ್ಳಬಾರದೆಂದು, ಊರೇ ಇಲ್ಲದ ಕಾಲದ ತಾರೀಖು ಹಾಕಿದರು. ಆಮೇಲೆ ಬಂದ ಗುಮಾಸ್ತರೆಲ್ಲ ಅದರಲ್ಲೇ ಕೈ ತಿದ್ದಿಕೊಂಡರು. ಒಬ್ಬ ಮೂರು ಸಲ ಅವಳಿ ಹುಟ್ಟಿಸಿದ. ಮದುವೆ ಮುರಿದುಬಿದ್ದಿದ್ದ ಇನ್ನೊಬ್ಬ, ಆ ಮನೆಯ ಅಳಿಯಂದಿರನ್ನೆಲ್ಲ ಒಂದೇ ಮಧ್ಯಾಹ್ನ ಸಾಯಿಸಿದ. ಮೂಲಪುರುಷ ಎರಡು ಸಲ ತೀರಿಕೊಂಡಿದ್ದ. ಕೋಣೆಗೆ ಸುಣ್ಣ ಹೊಡೆದ ವರ್ಷ, ಇರುವುದನ್ನೆಲ್ಲ ಸೇರಿಸಿ ಹೊಲಿಯಲು ಹೇಳಿದಾಗ, ರಟ್ಟು ಕಟ್ಟುವವನು ಎಲ್ಲಕ್ಕಿಂತ ನವೆದ ಪುಸ್ತಕವೇ ಹಳೆಯದೆಂದು ತಿಳಿದು ಇದನ್ನು ಮೊದಲಿಗೆ ಹೊಲಿದಿದ್ದ.

ಇಷ್ಟರಲ್ಲೇ ನಿಂತಿದ್ದರೆ ಗೋಂದಣ್ಣ ನಕ್ಕು ಸುಮ್ಮನಾಗುತ್ತಿದ್ದನೇನೋ. ಆದರೆ ಎದುರುಮನೆಯನ್ನು ಮಸಿಕುಡಿಕೆ ಸ್ಮಾರಕ ಮಾಡುವುದೆಂದು ನಗರಸಭೆ ತೀರ್ಮಾನಿಸಿತು. ಆ ಮನೆಯ ಮುಂಕೋಣೆಯಲ್ಲಿ ಇಸ್ತ್ರಿ ಅಜ್ಜಿ ಇದ್ದಳು. ಗೋಂದಣ್ಣ ಶಾಲೆಗೆ ಹೋಗುವಾಗಿನಿಂದ ಅವನ ಅಂಗಿಗೆ ಅವಳದೇ ಇಸ್ತ್ರಿ. ತಿಂಗಳೊಳಗೆ ಖಾಲಿ ಮಾಡಬೇಕೆಂಬ ನೋಟೀಸನ್ನು ಅವನ ಕೈಯಲ್ಲೇ ಓದಿಸಿಕೊಂಡು ಅಜ್ಜಿ ಹೇಳಿದಳು:

“ಅಲ್ಲ ಕಣಪ್ಪ, ನಲವತ್ತು ವರ್ಷದಿಂದ ಇಲ್ಲೇ ಇದೀನಿ. ಒಬ್ಬ ಮಸಿಕುಡಿಕೆಯೋನೂ ಒಂದು ಅಂಗಿ ತಂದುಕೊಟ್ಟಿಲ್ವಲ್ಲ.”

ಅಪ್ಪನ ಮಾದರಿ ವಹಿ ಅಜ್ಜಿಯನ್ನು ಬೀದಿಗೆ ತಳ್ಳುವುದನ್ನು ನೋಡುತ್ತ ಕೂರಲು ಅವನಿಂದಾಗಲಿಲ್ಲ. ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಕೊನೆಗೆ, ತಪ್ಪನ್ನು ಮಕ್ಕಳು ಮಾಡಿದರೂ ಮೇಷ್ಟ್ರು ಮಾಡಿದರೂ ತಿದ್ದಲೇಬೇಕು ಎಂದು ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಹೊರಟರು.

ನಗರಸಭೆಯ ಸಾಹೇಬರು ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿದರು.

“ಅವರು ಇದ್ರು ಅನ್ನೋದಕ್ಕೆ ವಹಿ ಇದೆ. ಇರಲಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?”

“ನಾನಿದೀನಲ್ಲ ಸಾರ್,” ಎಂದ ಗೋಂದಣ್ಣ.

“ನಿಮ್ಮನ್ನ ಕಪಾಟಲ್ಲಿ ಇಡೋಕಾಗುತ್ತೇನ್ರೀ?”

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಸಾಹೇಬರು ಅವರದೇ ಪುಸ್ತಕವನ್ನು ಅವರ ಮುಂದೆ ಸರಿಸಿ, ನೂರಮೂರನೆಯ ಪುಟ ಓದಿಕೊಳ್ಳಿ, ಎಲ್ಲ ವಿವರವಾಗಿ ಇದೆ ಎಂದರು. ಹೊರಗಿನ ಬೆಂಚಿನ ಮೇಲೆ ಆಗಲೇ ಮೂವರು ಮಸಿಕುಡಿಕೆ ವಂಶಸ್ಥರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಕುಳಿತಿದ್ದರು. ಮೂಗು ನೋಡಿದರೇ ಗೊತ್ತಾಗುತ್ತದೆ ಎಂಬುದು ಮೂವರ ವಾದವೂ ಆಗಿತ್ತು.

ಜೋಲುಮೋರೆ ಹಾಕಿಕೊಂಡು ಬಂದ ಗೋಂದಣ್ಣನ ಕಥೆಯನ್ನು ಅಜ್ಜಿ ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತಲೇ ಕೇಳಿದಳು.

“ಇಲ್ಲದೋರನ್ನ ಇಲ್ಲ ಅನ್ನಿಸೋದು ನಿನ್ನ ಕೈಲಾಗಲ್ಲ ಬಿಡು. ಬೇರೆ ಮನೆಗೆ ಕಳಿಸಿಬಿಡು. ಜನ ಮನೆ ಬದಲಾಯಿಸಲ್ವಾ?”

ಗೋಂದಣ್ಣ ರಸ್ತೆ ದಾಟಿ ಕೋಣೆಗೆ ಓಡಿದ. ಮಾದರಿ ವಹಿಯಲ್ಲಿ ಯಾರು ಬೇಕಾದರೂ ಕೈ ತಿದ್ದಿಕೊಳ್ಳಬಹುದು ಎಂಬುದು ಅಪ್ಪ ಮಾಡಿದ ನಿಯಮ. ಅದನ್ನು ಇವತ್ತಿನವರೆಗೂ ಯಾರೂ ರದ್ದು ಮಾಡಿರಲಿಲ್ಲ. ಅವನೂ ಕೈ ತಿದ್ದಿಕೊಳ್ಳಲು ಕುಳಿತ. ಮಸಿಕುಡಿಕೆಯವರು ಆ ಮನೆಯಲ್ಲಿ ಹನ್ನೊಂದು ದಿನ ಮಾತ್ರ ಇದ್ದು, ಸೆಕೆ ತಾಳಲಾರದೆ ಖಾಯಮ್ಮಾಗಿ ಬೇರೆಡೆ ಹೋದರೆಂದು ದುಂಡಗೆ ಬರೆದ. ಹೊಸ ವಿಳಾಸ ಬೇಕಾದಾಗ ಅಪ್ಪನ ಹಾಗೆ ಕಿಟಕಿಯತ್ತ ನೋಡಲು ಹೋದವನು ತಡೆದುಕೊಂಡ. ಆಚೆ ಯಾವ ಮನೆ ಕಂಡರೂ ಅದರಲ್ಲೊಬ್ಬರು ಇರುತ್ತಾರೆ. ತಾನು ಕುಳಿತಿದ್ದ ಕೋಣೆಯ ನಂಬರನ್ನೇ ಬರೆದ.

ಮರುದಿನ ಮೇಷ್ಟ್ರು ಆ ಸಾಲನ್ನು ಓದಿ, “ಅಕ್ಷರ ಚೆನ್ನಾಗಿದೆ,” ಎಂದಷ್ಟೇ ಹೇಳಿ ವಹಿಯನ್ನು ತಾವೇ ಸಾಹೇಬರ ಮುಂದೆ ಇಟ್ಟರು. ವಹಿಯಲ್ಲಿದ್ದ ಮೇಲೆ ಸಾಹೇಬರು ಇನ್ನೇನು ಹೇಳಿಯಾರು? ನಗರಸಭೆಯ ಸ್ವಂತ ಕಟ್ಟಡವೇ ಆದ್ದರಿಂದ ಯಾರನ್ನೂ ಎಬ್ಬಿಸುವ ತಾಪತ್ರಯವಿಲ್ಲವೆಂದು ಖುಷಿಯೂ ಪಟ್ಟರು. ನೋಟೀಸು ವಾಪಸಾಯಿತು. ಮೂವರು ವಂಶಸ್ಥರೂ ಕೋಣೆಯನ್ನು ಬಂದು ನೋಡಿದರು. ಅಷ್ಟು ಚಿಕ್ಕ ಮನೆಯಲ್ಲಿ ತಮ್ಮ ಹಿರಿಯರು ಇದ್ದಿರಲಾರರೆಂದು ಮೂಗು ಮುರಿದು ಹೋದರು.

ಗೋಂದಣ್ಣ ಈಗ ಸ್ಮಾರಕದ ಕಾವಲುಗಾರ. ವಹಿಗಳ ಕಪಾಟು ಹಿಂದಿನ ಸಾಲಿಗೆ ಸರಿದಿದೆ; ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಅಪ್ಪನ ಮಸಿಕುಡಿಕೆ ಇದೆ. ಬಿಡುವಿದ್ದಾಗ, ಮೇಷ್ಟ್ರು ಬರೆದುಕೊಟ್ಟ ತಪ್ಪೊಪ್ಪಿಗೆಯ ಚೀಟಿಯನ್ನು ಪುಸ್ತಕದ ಪ್ರತಿಗಳ ನೂರಮೂರನೆಯ ಪುಟಕ್ಕೆ ಅಂಟಿಸುತ್ತಾನೆ. ನೋಡಲು ಬಂದವರಿಗೆಲ್ಲ, ಇಂಥ ಮನೆತನವೇ ಇರಲಿಲ್ಲ, ಇದೆಲ್ಲ ನಮ್ಮಪ್ಪ ಬರೆದದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಅವರು ತಲೆದೂಗಿ, ದೊಡ್ಡ ಮನೆತನದವರು ಹೀಗೇ, ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ ಎಂದುಕೊಂಡು, ಹೋಗುವ ಮುನ್ನ ಅವನ ಮೂಗನ್ನು ಒಮ್ಮೆ ದಿಟ್ಟಿಸಿ ನೋಡುತ್ತಾರೆ. ಸಂಜೆ ಬೀಗ ಹಾಕಿ ಅವನು ರಸ್ತೆ ದಾಟುವಾಗ, ಅಜ್ಜಿ ಮರುದಿನದ ಅಂಗಿಯನ್ನು ಮಡಿಸಿಟ್ಟಿರುತ್ತಾಳೆ.